ಅರ್ಧ ಎಳೆದ ಶಟರ್

ಈ ಪ್ರಕರಣದ ಗಂಡ, ಹೆಂಡತಿ ಇಬ್ಬರನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಹೆಸರೂ ಬೇಡ, ಊರೂ ಬೇಡ. ಕಾಲ ಮಾತ್ರ ಹೇಳಬೇಕಾಗುತ್ತದೆ. ಅದು 2021. ಕೊರೊನಾ ಮತ್ತೆ ಜೋರಾಗಿ ಅಂಗಡಿಗಳು ಎರಡನೇ ಸಲ ಮುಚ್ಚಿದ್ದ ದಿನಗಳು.

ಹೆಂಡತಿಗೆ ಆರೋಗ್ಯ ಇಲಾಖೆಯಲ್ಲಿ ಕೆಲಸ. ಸೋಂಕು ಬಂದವರ ಮನೆಗೆ ಹೋಗಿ, ಜ್ವರ ಯಾವತ್ತು ಶುರುವಾಯಿತು, ಎಲ್ಲೆಲ್ಲಿ ಓಡಾಡಿದ್ದಿರಿ, ಯಾರ ಹತ್ತಿರ ಕೂತಿದ್ದಿರಿ ಎಂದು ಕೇಳಿ ಫಾರಂ ತುಂಬುತ್ತಿದ್ದರು. ಗಂಡನದು ಎರಡು ಕುರ್ಚಿಯ ಸಲೂನ್. ಜೊತೆಗಿದ್ದ ಹುಡುಗ ಮೊದಲ ಸಲ ಮುಚ್ಚಿದಾಗಲೇ ಬೇರೆ ಕೆಲಸ ಹುಡುಕಿಕೊಂಡು ಹೋಗಿದ್ದ. ಸಲೂನ್ ತೆಗೆಯಬೇಡಿ ಎಂದು ಬೀದಿ ಬೀದಿಯಲ್ಲಿ ಹೇಳಿಕೊಂಡು ಬಂದ ತಂಡದಲ್ಲಿ ಈ ಹೆಂಡತಿಯೂ ಇದ್ದರು.

ನಾನು ಆಗ ಆರೋಗ್ಯ ಸಿಬ್ಬಂದಿಗೆಂದೇ ಇದ್ದ ಫೋನ್ ಆಪ್ತಸಲಹೆಯಲ್ಲಿ ಕೆಲಸ ಮಾಡುತ್ತಿದ್ದೆ. ಒಂದು ರಾತ್ರಿ ಹತ್ತೂವರೆಗೆ ಕರೆ ಬಂತು. ‘ಮೇಡಂ, ನಾನು ಇವತ್ತು ಸುಳ್ಳು ಬರೆದು ಬಂದೆ’ ಅಂದರು. ಆಮೇಲೆ ತುಂಬಾ ಹೊತ್ತು ಅಳು.

ನಡೆದದ್ದು ಇಷ್ಟು. ಅವತ್ತು ಬೆಳಗ್ಗೆ ವಯಸ್ಸಾದ ಒಬ್ಬರ ಮನೆಗೆ ಹೋಗಿದ್ದರು. ಅವರಿಗೆ ಪಾಸಿಟಿವ್ ಬಂದಿತ್ತು. ಬಾಗಿಲಲ್ಲೇ ನಿಂತು ವಿಚಾರಿಸಿದರು. ‘ಎಲ್ಲೂ ಹೋಗಿಲ್ಲಮ್ಮ, ಮನೆಯಲ್ಲೇ ಇದೀನಿ’ ಅಂದರು ಅಜ್ಜ. ಕನ್ನಡಕ ತರಲು ಒಳಗೆ ತಿರುಗಿದಾಗ ಅವರ ಕತ್ತಿನ ಹಿಂಭಾಗ ಕಂಡಿತು. ಕೂದಲು ಹೊಸದಾಗಿ ಕತ್ತರಿಸಿತ್ತು. ಅಂಚನ್ನು ನೇರ ಗೆರೆ ಮಾಡದೆ, ಎರಡೂ ಪಕ್ಕ ಸ್ವಲ್ಪ ದುಂಡಗೆ ತಂದು, ಕೆಳಗೆ ಬ್ಲೇಡ್ ಆಡಿಸಿದ ಕೆಲಸ. ‘ಹದಿನಾರು ವರ್ಷದಿಂದ ನೋಡ್ತಿದೀನಿ ಮೇಡಂ. ನಮ್ಮ ಮಕ್ಕಳ ಕತ್ತೂ ಹಾಗೇ ಇರತ್ತೆ’ ಅಂದರು ಆಕೆ.

ಪೆನ್ನು ಹಿಡಿದು ಸುಮ್ನೆ ನಿಂತರಂತೆ. ಆಮೇಲೆ ಫಾರಂನಲ್ಲಿ ‘ಎಲ್ಲೂ ಹೋಗಿಲ್ಲ’ ಎಂದು ಬರೆದರು. ಸಹಿ ಹಾಕಿದರು. ಪಕ್ಕದ ಮನೆಗೆ ಹೋದರು. ಸಂಜೆ ಒಗೆಯಲು ಗಂಡನ ಅಂಗಿ ತೆಗೆದರೆ, ಜೇಬಿನ ಹೊಲಿಗೆಯಲ್ಲಿ ಬೆಳ್ಳಗಿನ ಕೂದಲ ಚೂರು ಸಿಕ್ಕಿಕೊಂಡಿತ್ತು. ಮನೆಯಲ್ಲಿ ಯಾರಿಗೂ ತಲೆ ನರೆತಿಲ್ಲ.

ಆ ರಾತ್ರಿ ಅವರ ಅಳು ನಿಲ್ಲಿಸುವುದು ನನ್ನ ಮೊದಲ ಕೆಲಸ ಆಗಿರಲಿಲ್ಲ. ಕರೆ ಶುರುವಾದಾಗಲೇ ನಾವು ಒಂದು ಮಾತು ಹೇಳುತ್ತೇವೆ. ನೀವು ಹೇಳಿದ್ದು ಗುಟ್ಟಾಗಿಯೇ ಇರುತ್ತದೆ, ಆದರೆ ಬೇರೆಯವರ ಜೀವಕ್ಕೆ ಅಪಾಯ ಇದ್ದರೆ ಅದನ್ನು ನಾನು ನನ್ನಲ್ಲೇ ಇಟ್ಟುಕೊಳ್ಳುವ ಹಾಗಿಲ್ಲ. ಇಲ್ಲಿ ಅಪಾಯ ಇತ್ತು. ಈ ಕಾಯಿಲೆ ಜ್ವರ ಕಾಣುವುದಕ್ಕೆ ಒಂದೆರಡು ದಿನ ಮೊದಲೇ ಒಬ್ಬರಿಂದ ಇನ್ನೊಬ್ಬರಿಗೆ ಹರಡುತ್ತದೆ. ಅಜ್ಜನ ಪಕ್ಕ ಅರ್ಧ ಗಂಟೆ ನಿಂತ ಕ್ಷೌರಿಕ, ಅವನ ಕುರ್ಚಿಯಲ್ಲಿ ಆಮೇಲೆ ಕೂತ ಗಿರಾಕಿಗಳು, ಅದೇ ಮನೆಯಲ್ಲಿ ಮಲಗಿ ಎದ್ದು ದಿನಕ್ಕೆ ಇಪ್ಪತ್ತು ಮನೆ ಬಾಗಿಲು ತಟ್ಟುವ ಹೆಂಡತಿ. ಎಲ್ಲವೂ ಒಂದೇ ಸರಪಳಿ. ಆಕೆಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು. ಅಳು ಬಂದದ್ದೇ ಅದಕ್ಕೆ.

ನಾನು ಎರಡು ಕೆಲಸ ಹೇಳಿದೆ. ಬೆಳಗ್ಗೆ ಡ್ಯೂಟಿಗೆ ಹೋಗುವ ಮೊದಲೇ ಮೇಲಿನವರಿಗೆ ನೀವೇ ಫೋನ್ ಮಾಡಿ. ಮನೆಯವರು ಸೋಂಕಿತರ ಹತ್ತಿರ ಇದ್ದರು, ನಾನು ಬರುವ ಹಾಗಿಲ್ಲ, ನಿನ್ನೆಯ ಒಂದು ಫಾರಂ ತಪ್ಪಾಗಿದೆ, ಆ ಮನೆ ಮತ್ತು ಸಲೂನ್ ವಿಚಾರಣೆ ಬೇರೆಯವರಿಗೆ ಕೊಡಿ ಅನ್ನಿ. ನಿಮ್ಮ ಗಂಡನ ತನಿಖೆ ನೀವು ಮಾಡಬೇಡಿ. ಇದು ಒಂದು. ಎರಡನೆಯದು, ಈ ರಾತ್ರಿ ಅವರನ್ನು ಒಂದೇ ಪ್ರಶ್ನೆ ಕೇಳಿ. ಅಜ್ಜನಾದ ಮೇಲೆ ಯಾರು ಯಾರು ಬಂದಿದ್ದರು? ಅಷ್ಟೇ. ಯಾಕೆ ತೆಗೆದಿರಿ ಎಂದು ಈಗ ಕೇಳಬೇಡಿ. ಆ ಪ್ರಶ್ನೆ ಎಲ್ಲಿಗೂ ಓಡಿ ಹೋಗಲ್ಲ, ಆಮೇಲೆ ಕೇಳಬಹುದು.

‘ಕೆಲಸ ಹೋದರೆ?’ ಅಂದರು. ಹೋಗಲ್ಲ ಎಂದು ನಾನು ಮಾತು ಕೊಡಲಿಲ್ಲ. ಕೊಡುವಂತಿರಲಿಲ್ಲ. ಬೇರೆಯವರು ಕಂಡುಹಿಡಿಯುವ ಮೊದಲು ನೀವೇ ತಿದ್ದಿದರೆ ಅದು ತಪ್ಪು ಅಂತ ಉಳಿಯುತ್ತದೆ, ಮೋಸ ಅಂತ ಆಗಲ್ಲ ಅಂದೆ. ಅವರು ಬೆಳಗ್ಗೆ ಏಳಕ್ಕೆ ಫೋನ್ ಮಾಡಿದರು. ಬೈಗುಳ ಕೇಳಿದರು. ಒಂದು ಮೆಮೊ ಬಂತು, ಅದಕ್ಕೆ ಉತ್ತರ ಬರೆದರು. ಕೆಲಸ ಉಳಿಯಿತು.

ಗಂಡ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಹನ್ನೊಂದು ಹೆಸರು ಬರೆದುಕೊಟ್ಟರು. ಒಂದನ್ನೂ ಮುಚ್ಚಿಡಲಿಲ್ಲ. ಎಲ್ಲರಿಗೂ ತಾವೇ ಫೋನ್ ಮಾಡಿದರು. ಇಬ್ಬರು ಬಾಯಿಗೆ ಬಂದಂತೆ ಬೈದರು. ಉಳಿದವರು ಹೇಳಿದ್ದು ಒಳ್ಳೆಯದಾಯಿತು ಅಂದರು. ಗಂಡ ಹೆಂಡತಿ ಇಬ್ಬರೂ ಮನೆಯಲ್ಲೇ ಉಳಿದು ಪರೀಕ್ಷೆ ಮಾಡಿಸಿಕೊಂಡರು. ಇಬ್ಬರಿಗೂ ನೆಗೆಟಿವ್ ಬಂತು. ಹನ್ನೊಂದರಲ್ಲಿ ಒಬ್ಬರಿಗೆ ಜ್ವರ ಬಂದು ವಾಸಿಯಾಯಿತು. ಅಜ್ಜ ಆಸ್ಪತ್ರೆ ಸೇರಿದರು.

ಇಷ್ಟು ತುರ್ತಿನ ಭಾಗ. ಇದು ಮೂರು ದಿನದಲ್ಲಿ ಮುಗಿಯಿತು. ನಿಜವಾದ ಸಲಹೆ ಶುರುವಾಗಿದ್ದು ಆಮೇಲೆ. ಅದರಲ್ಲಿ ನಾನು ಮೊದಲ ಹೆಜ್ಜೆಯಲ್ಲೇ ತಪ್ಪಿದೆ.

ನಾಲ್ಕನೇ ದಿನ ಗಂಡ ಒಬ್ಬರೇ ಇದ್ದಾಗ ಅವರ ಜೊತೆ ಮಾತಾಡಿದೆ. ಅವರು ‘ಹ್ಞೂಂ’ ‘ಹ್ಞೂಂ’ ಅನ್ನುತ್ತಿದ್ದರು. ಮೌನ ತುಂಬಲು ನಾನು, ‘ಜೀವ ಇದ್ದರೆ ತಾನೇ ದುಡಿಮೆ, ಅಲ್ವಾ?’ ಅಂದುಬಿಟ್ಟೆ. ಅವರು ಒಂದು ಕ್ಷಣ ಬಿಟ್ಟು, ‘ಮೇಡಂ, ನಿಮಗೆ ಈ ತಿಂಗಳು ಸಂಬಳ ಬಂತಾ?’ ಅಂದರು. ಬಂತು ಅಂದೆ. ಫೋನ್ ಇಟ್ಟುಬಿಟ್ಟರು.

ಆ ಮಾತು ನನ್ನನ್ನು ತುಂಬಾ ದಿನ ಬಿಡಲಿಲ್ಲ. ಅವರಿಗೆ ಮನೆಯಲ್ಲಿ ಕೂರಿ ಎಂದು ಹೇಳಿದವರೆಲ್ಲ ತಿಂಗಳ ಸಂಬಳದವರು. ಅಧಿಕಾರಿ, ಡಾಕ್ಟರ್, ಟಿವಿಯಲ್ಲಿ ಮಾತಾಡುವವರು, ಸ್ವಂತ ಹೆಂಡತಿ, ಈಗ ನಾನು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2018ರಲ್ಲಿ ಹೇಳಿದ ಲೆಕ್ಕದ ಪ್ರಕಾರ ಜಗತ್ತಿನಲ್ಲಿ ದುಡಿಯುವವರಲ್ಲಿ ನೂರಕ್ಕೆ 60ಕ್ಕಿಂತ ಜಾಸ್ತಿ ಜನ, ಸುಮಾರು 200 ಕೋಟಿ, ಅಸಂಘಟಿತ ವಲಯದಲ್ಲಿದ್ದರು. ಇವರಲ್ಲಿ ಹೆಚ್ಚಿನವರಿಗೆ ಅವತ್ತು ಕೈ ಆಡಿದರೆ ಅವತ್ತು ಕಾಸು. ‘ಮನೆಯಲ್ಲೇ ಇರಿ’ ಅನ್ನುವ ಎರಡು ಪದ ಇವರ ಕಿವಿಗೆ ಬೀಳುವ ರೀತಿ ಬೇರೆ, ನಮ್ಮ ಕಿವಿಗೆ ಬೀಳುವ ರೀತಿ ಬೇರೆ.

ಈ ವಿಷಯ ಬಂದಾಗೆಲ್ಲ ನನಗೆ ಮೇರಿ ಮ್ಯಾಲನ್ ನೆನಪಾಗುತ್ತಾಳೆ. ನ್ಯೂಯಾರ್ಕ್‌ನಲ್ಲಿ ಮನೆಗಳಿಗೆ ಅಡುಗೆ ಮಾಡಿಕೊಂಡಿದ್ದ ಹೆಂಗಸು. ಮೈಯಲ್ಲಿ ಟೈಫಾಯ್ಡ್ ರೋಗಾಣು ಇತ್ತು, ಆದರೆ ಅವಳಿಗೆ ಒಂದು ದಿನವೂ ಜ್ವರದ ಸುಳಿವು ಕಂಡಿರಲಿಲ್ಲ. 1907ರಲ್ಲಿ ಅವಳನ್ನು ಹಿಡಿದು ಒಂದು ದ್ವೀಪದಲ್ಲಿ ಇಟ್ಟರು. 1910ರಲ್ಲಿ ಇನ್ನು ಅಡುಗೆ ಕೆಲಸ ಮಾಡಲ್ಲ ಎಂದು ಮಾತು ತೆಗೆದುಕೊಂಡು ಬಿಟ್ಟರು. ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಅದರಲ್ಲಿ ಸಂಬಳ ಕಡಿಮೆ. ಕೊನೆಗೆ ಹೆಸರು ಬದಲಿಸಿಕೊಂಡು ಮತ್ತೆ ಅಡುಗೆಮನೆಗೆ ಹೋದಳು. 1915ರಲ್ಲಿ ಅವಳು ಕೆಲಸಕ್ಕಿದ್ದ ಹೆರಿಗೆ ಆಸ್ಪತ್ರೆಯಲ್ಲಿ 25 ಜನಕ್ಕೆ ಟೈಫಾಯ್ಡ್ ಬಂತು, ಇಬ್ಬರು ಸತ್ತರು. ಅವಳನ್ನು ಮತ್ತೆ ಅದೇ ದ್ವೀಪಕ್ಕೆ ಕಳಿಸಿದರು. 1938ರಲ್ಲಿ ಸಾಯುವವರೆಗೂ ಬಿಡುಗಡೆ ಮಾಡಲಿಲ್ಲ. ಆ ಇಬ್ಬರ ಸಾವನ್ನು ನಾನು ಹಗುರ ಮಾಡುತ್ತಿಲ್ಲ. ಆದರೆ ಅವಳಿಂದ ಮಾತು ತೆಗೆದುಕೊಂಡವರು ಅವಳಿಗೆ ಬರುತ್ತಿದ್ದ ಕೂಲಿಯ ಬದಲಿಗೆ ಏನು ಕೊಟ್ಟರು ಎಂದು ಕೇಳಲೇಬೇಕು. ಬದಲಿ ಕೊಡದೆ ನಿಷೇಧ ಮಾತ್ರ ಹೇರಿದರೆ ಜನ ಅದನ್ನು ಪಾಲಿಸುವುದಿಲ್ಲ, ಬಚ್ಚಿಟ್ಟುಕೊಳ್ಳುತ್ತಾರೆ. ರೋಗಕ್ಕೆ ಬೇಕಾಗಿರುವುದೂ ಅದೇ.

ಎರಡು ದಿನ ಬಿಟ್ಟು ಆ ಗಂಡನಿಗೆ ಮತ್ತೆ ಫೋನ್ ಮಾಡಿ ಕ್ಷಮೆ ಕೇಳಿದೆ. ನೀವು ಕೇಳಿದ ಪ್ರಶ್ನೆ ಸರಿ ಇತ್ತು ಅಂದೆ. ಆಗ ಅವರು ಮಾತಾಡತೊಡಗಿದರು.

ಅಂಗಡಿ ಹೇಗೆ ನಡೆಸುತ್ತಿದ್ದಿರಿ ಎಂದು ಕೇಳಿದೆ. ಬೈಯಲು ಅಲ್ಲ, ತಿಳಿದುಕೊಳ್ಳಲು. ಗಿರಾಕಿ ಮೊದಲು ಮಿಸ್ಡ್ ಕಾಲ್ ಕೊಡಬೇಕು. ಬಂದು ಶಟರ್‌ಗೆ ಎರಡು ಸಲ ಬೆರಳು ತಟ್ಟಬೇಕು. ಅರ್ಧ ಎತ್ತಿದ ಶಟರ್ ಕೆಳಗೆ ಬಗ್ಗಿ ಒಳಗೆ ಬರಬೇಕು. ಬಂದ ಮೇಲೆ ಶಟರ್ ಪೂರ್ತಿ ಕೆಳಗೆ. ಬೆಳಕು ಹೊರಗೆ ಕಾಣಬಾರದು ಎಂದು ಕಿಟಕಿ ಮುಚ್ಚಿ ಬಟ್ಟೆ ಕಟ್ಟಿದ್ದರು. ಸದ್ದು ಕೇಳಬಾರದು ಎಂದು ಫ್ಯಾನ್ ಹಾಕುತ್ತಿರಲಿಲ್ಲ. ಮೊಬೈಲ್ ಟಾರ್ಚ್ ಬೆಳಕಿನಲ್ಲಿ ಕತ್ತರಿ. ಸೆಕೆಗೆ ಗಿರಾಕಿ ಮಾಸ್ಕ್ ತೆಗೆದು ಮಡಿಲಲ್ಲಿ ಇಟ್ಟುಕೊಂಡರೆ ಬೇಡ ಅನ್ನಲು ಬಾಯಿ ಬರುತ್ತಿರಲಿಲ್ಲ. ಕದ್ದು ಬಂದವನಿಗೆ ನಿಯಮ ಹೇಳುವುದು ಹೇಗೆ?

ಕೇಳುತ್ತಾ ಹೋದಂತೆ ನನ್ನ ಕೈ ತಣ್ಣಗಾಯಿತು. ಮುಚ್ಚಿದ ಕೋಣೆ, ಗಾಳಿ ಇಲ್ಲ, ಮಾಸ್ಕ್ ಇಲ್ಲ, ಮುಖಕ್ಕೆ ಮುಖ ಹತ್ತಿರ. ಈ ಕಾಯಿಲೆ ಹರಡಲು ಇದಕ್ಕಿಂತ ಅನುಕೂಲದ ಜಾಗ ಬೇರೆ ಬೇಕಾ? ತೆರೆದ ಅಂಗಡಿಯಲ್ಲಿ ಇವೆಲ್ಲ ಇರುತ್ತಿರಲಿಲ್ಲ. ಕದ್ದು ಮಾಡಬೇಕಾಗಿ ಬಂದದ್ದಕ್ಕೇ ಆ ಕೋಣೆ ಅಷ್ಟು ಅಪಾಯದ್ದಾಯಿತು.

ಮಾತಿನ ಕೊನೆಗೆ ಅವರು ಹೇಳಿದ್ದು ಒಂದೇ ಸಾಲು. ‘ಅಜ್ಜನಿಗೆ ನಾನೇ ಅಂಟಿಸಿದ್ದು ಮೇಡಂ.’ ರಾತ್ರಿ ನಿದ್ದೆ ಇಲ್ಲ, ಕತ್ತರಿ ನೋಡಿದರೆ ಕೈ ನಡುಗುತ್ತದೆ ಅಂದರು. ಹೆಂಡತಿಗೆ ಇದನ್ನು ಹೇಳಿರಲಿಲ್ಲ. ಆಕೆಯ ಜೊತೆ ಮಾತೇ ನಿಂತುಹೋಗಿತ್ತು.

ಮುಂದಿನ ವಾರ ಇಬ್ಬರನ್ನೂ ಒಂದೇ ಫೋನಿನ ಮುಂದೆ ಕೂರಿಸಿದೆ. ಮೊದಲ ಹತ್ತು ನಿಮಿಷ ಇಬ್ಬರೂ ನನ್ನ ಜೊತೆ ಮಾತ್ರ ಮಾತಾಡಿದರು. ಆಕೆ ಸಾವಿನ ಲೆಕ್ಕ ಹೇಳಿದರು. ಅವರು ಸಾಲದ ಲೆಕ್ಕ ಹೇಳಿದರು. ನಾನು ಆಕೆಯನ್ನು ಕೇಳಿದೆ: ಕ್ಷೌರ ಯಾವತ್ತು? ಅಜ್ಜನಿಗೆ ಜ್ವರ ಯಾವತ್ತು? ಆಕೆಗೆ ತಾರೀಕು ಬಾಯಲ್ಲೇ ಇತ್ತು. ಕ್ಷೌರದ ಮರುದಿನವೇ ಜ್ವರ.

‘ಹಾಗಾದರೆ ನಿಮ್ಮ ಕೆಲಸದ ಲೆಕ್ಕದಲ್ಲಿ ಇದನ್ನು ಹೇಗೆ ಓದುತ್ತೀರಿ?’

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೊದಲ ಸಲ ಗಂಡನ ಕಡೆ ತಿರುಗಿ ಹೇಳಿದರು. ‘ರೀ, ಸೋಂಕು ಒಳಗೆ ಹೋದ ಮೇಲೆ ಜ್ವರ ಬರೋಕೆ ಸಾಮಾನ್ಯವಾಗಿ ಐದಾರು ದಿನ ಬೇಕು. ಹದಿನಾಲ್ಕು ದಿನ ಆದರೂ ಆಗಬಹುದು. ಮರುದಿನವೇ ಜ್ವರ ಬಂದಿದೆ ಅಂದ್ರೆ ನಿಮ್ಮ ಹತ್ರ ಬರೋ ಮೊದಲೇ ಅವರಿಗೆ ಅಂಟಿತ್ತು. ನಿಮ್ಮಿಂದ ಅವರಿಗಲ್ಲ. ಅವರಿಂದ ನಿಮಗೆ ಬರಬಹುದಿತ್ತು.’

‘ಇದು ನಿನಗೆ ಮೊದಲೇ ಗೊತ್ತಿತ್ತಾ?’

‘ಗೊತ್ತಿತ್ತು.’

‘ಯಾಕೆ ಹೇಳಲಿಲ್ಲ?’

‘ಸಿಟ್ಟು ಬಂದಿತ್ತು.’

ಗಂಡ ಅತ್ತದ್ದು ಕೇಳಿಸಿತು. ನಾನು ನಡುವೆ ಬಾಯಿ ಹಾಕಲಿಲ್ಲ.

ತಪ್ಪೇ ಆಗಿಲ್ಲ ಎಂದು ನಾವು ಯಾರೂ ಅವರಿಗೆ ಹೇಳಲಿಲ್ಲ. ಅಜ್ಜನ ನಂತರ ಕೂತ ಹನ್ನೊಂದು ಜನ ಇದ್ದರಲ್ಲ. ಆದರೆ ಮಾಡದ ತಪ್ಪಿನ ಭಾರ ಇಳಿದ ಮೇಲೆ ಮಾಡಿದ ತಪ್ಪನ್ನು ಅವರು ನೆಟ್ಟಗೆ ನೋಡಿದರು. ಇನ್ನು ಕದ್ದು ತೆಗೆಯಲ್ಲ ಅಂದದ್ದು ಅವತ್ತೇ. ನಾನು ಕೇಳಿರಲಿಲ್ಲ.

ಆಮೇಲಿನ ಭೇಟಿಗಳಲ್ಲಿ ಜಾಸ್ತಿ ಹೊತ್ತು ಹಿಡಿದದ್ದು ಹಣ. ಇದು ಆಪ್ತಸಲಹೆಯ ಕೆಲಸವಾ ಎಂದು ಕೆಲವರು ಕೇಳುತ್ತಾರೆ. ನನ್ನ ಮಟ್ಟಿಗೆ ಹೌದು. ಕುರ್ಚಿಗಳಿಗೆ ಮಾಡಿದ ಸಾಲ ಇನ್ನೂ ಇದೆ ಎಂದು ಹೆಂಡತಿಗೆ ಗೊತ್ತೇ ಇರಲಿಲ್ಲ. ತನ್ನ ಸಂಬಳದಲ್ಲಿ ಮನೆ ನಡೆಯುತ್ತಿದೆ, ಇವರಿಗೇನು ಅವಸರ ಎಂದುಕೊಂಡಿದ್ದರು. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ ಅಂದೆ. ಮುಂದಕ್ಕೆ ಹಾಕಬಹುದಾದ ಖರ್ಚು ಒಂದು ಕಡೆ, ಹಾಕಲಾಗದ್ದು ಇನ್ನೊಂದು ಕಡೆ. ಅಂಗಡಿ ಬಾಡಿಗೆ ತಪ್ಪಿದ ಮೇಲೆ ಮುಖ ತಪ್ಪಿಸಿಕೊಂಡು ಓಡಾಡುವ ಬದಲು, ತಪ್ಪುವ ಮೊದಲೇ ಮಾಲೀಕರ ಹತ್ತಿರ ಹೋಗಿ, ಇಷ್ಟು ಈಗ ಕೊಡಬಲ್ಲೆ, ಉಳಿದದ್ದು ತೆರೆದ ಮೇಲೆ ಇಂಥ ತಿಂಗಳಿಂದ ಕೊಡುತ್ತೇನೆ ಎಂದು ಬರೆದುಕೊಡಿ ಅಂದೆ. ಕಂತು ಮುಂದೂಡಲು ಸಾಲ ಕೊಟ್ಟವರಿಗೂ ಅರ್ಜಿ ಕೊಡಿಸಿದೆ. ಮಾಲೀಕರು ಅರ್ಧಕ್ಕೆ ಒಪ್ಪಿದರು. ಕಂತಿನ ವಿಷಯದಲ್ಲಿ ಸ್ವಲ್ಪವೇ ಸಮಯ ಸಿಕ್ಕಿತು. ಕಷ್ಟ ಹೋಗಲಿಲ್ಲ. ಆದರೆ ಅದು ಈಗ ಇಬ್ಬರದ್ದೂ ಆಯಿತು.

ಜಗಳದ ಬಗ್ಗೆ ಒಂದು ಸಲಹೆ ಕೊಟ್ಟೆ. ಮನೆಯಲ್ಲಿ ಅಂಕಿ ಹೇಳಬೇಡಿ. ಇವತ್ತು ಇಷ್ಟು ಜನ ಸತ್ತರು, ಈ ತಿಂಗಳು ಇಷ್ಟು ಸಾಲ ಬೆಳೆಯಿತು ಎಂದು ಒಬ್ಬರ ಮೇಲೊಬ್ಬರು ಎಸೆಯಬೇಡಿ. ಅದರ ಬದಲು ನಿಮಗೆ ಏನು ಭಯ ಅದನ್ನು ಹೇಳಿ. ಹೆಂಡತಿಗೆ ಇದು ಸುಲಭವಾಯಿತು. ‘ಅಷ್ಟು ಮನೆಗೆ ಹೋಗಿ ಬಂದು ಮಕ್ಕಳನ್ನು ಮುಟ್ಟೋಕೆ ಭಯ’ ಅಂದರು. ಗಂಡನಿಗೆ ಮೂರು ವಾರ ಬೇಕಾಯಿತು. ಕೊನೆಗೆ ಬಂದ ಮಾತು: ‘ಕೆಲಸ ಇಲ್ಲದೆ ನೀನು ತಂದಿದ್ದನ್ನು ಕೂತು ತಿನ್ನೋಕೆ ನಾಚಿಕೆ ಆಗತ್ತೆ.’ ಹಸಿವು ಅಲ್ಲ, ನಾಚಿಕೆ. ಮನೆಯಲ್ಲಿ ಒಂದು ಸಂಬಳ ಬರುತ್ತಿದ್ದರೂ ಇವರು ಯಾಕೆ ಕದ್ದು ಅಂಗಡಿ ತೆಗೆದರು ಎಂಬುದಕ್ಕೆ ಉತ್ತರ ಇಲ್ಲಿತ್ತು. ನಿರ್ಬಂಧ ಮಾಡುವವರು ಅಕ್ಕಿ ಬೇಳೆಯ ಲೆಕ್ಕ ಹಾಕಿದಾಗಲೂ ಇದನ್ನು ಮರೆಯುತ್ತಾರೆ.

ಇನ್ನು ಅಂಗಡಿ ಮತ್ತೆ ತೆರೆಯುವ ವಿಷಯ. ಮುಚ್ಚಿದ್ದು ಯಾವತ್ತಿನವರೆಗೆ ಎಂದು ಮೊದಲು ಯಾರೂ ಹೇಳಿರಲಿಲ್ಲ, ಅದೇ ಅವರಿಗೆ ಹುಚ್ಚು ಹಿಡಿಸಿತ್ತು. 1377ರಲ್ಲಿ, ಈಗ ಕ್ರೊಯೇಷಿಯಾದ ದುಬ್ರೋವ್ನಿಕ್ ಆಗಿರುವ ರಗೂಸಾ ಬಂದರಿನಲ್ಲಿ ಪ್ಲೇಗ್ ಇದ್ದ ಕಡೆಯಿಂದ ಬಂದವರನ್ನು 30 ದಿನ ಹೊರಗೇ ನಿಲ್ಲಿಸುವ ಕಾನೂನು ಬಂತು. ಆಮೇಲೆ ಅದು 40 ದಿನ ಆಯಿತು. ಕ್ವಾರಂಟೈನ್ ಅನ್ನುವ ಮಾತು ಹುಟ್ಟಿದ್ದೇ ಆ ನಲವತ್ತರಿಂದ. ಕಠಿಣವಾದ ಕಾನೂನೇ, ಆದರೆ ಹಡಗಿನಲ್ಲಿ ಕೂತವನು ದಿನ ಎಣಿಸಬಹುದಿತ್ತು. ನಮ್ಮ ಕಾಲಕ್ಕೆ ಬಂದರೆ, ಅಂತಾರಾಷ್ಟ್ರೀಯ ಕಾನೂನು ತಜ್ಞರು 1984ರಲ್ಲಿ ಬರೆದ ಸಿರಾಕ್ಯೂಸಾ ತತ್ವಗಳು ಇದನ್ನೇ ಬಿಡಿಸಿ ಹೇಳುತ್ತವೆ. ಜನರ ಹಕ್ಕಿಗೆ ತಡೆ ಹಾಕುವುದಾದರೆ ಅದು ಕಾನೂನಿನ ಪ್ರಕಾರ ಇರಬೇಕು, ನಿಜವಾಗಿ ಅಗತ್ಯ ಇರಬೇಕು, ಇರುವ ದಾರಿಗಳಲ್ಲಿ ಕಡಿಮೆ ತೊಂದರೆಯದ್ದಾಗಿರಬೇಕು, ಅವಧಿ ಇರಬೇಕು, ಮತ್ತೆ ಮತ್ತೆ ಪರಿಶೀಲಿಸಬೇಕು. ಈ ಅಳತೆಯನ್ನೇ ನಿಮ್ಮ ಮನೆಗೂ ಇಟ್ಟುಕೊಳ್ಳಿ ಅಂದೆ.

ಹೆಂಡತಿಗೆ ಹೇಳಿದ್ದು ಇದು. ನೀವು ಅವರ ಮೇಲೆ ಕಾವಲು ಕೂರಬೇಡಿ. ನಿಮಗೆ ಗೊತ್ತಿರುವುದನ್ನು ಅವರಿಗೆ ಕೊಡಿ. ಯಾವ ಸಲೂನ್‌ಗಾದರೆ ನೀವು ನಿಮ್ಮ ಮಗನನ್ನು ಕಳಿಸುತ್ತೀರಿ, ಅದನ್ನು ಬರೆದುಕೊಡಿ. ಮೊದಲು ಬೇಡ ಅಂದರು. ಆಗ ನಾನು ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 2020ರ ಮೇ ತಿಂಗಳಲ್ಲಿ ನಡೆದದ್ದು ಹೇಳಿದೆ. ಒಂದು ಸಲೂನ್‌ನ ಇಬ್ಬರು ಕೆಲಸಗಾರರಿಗೆ ಕೊರೊನಾ ಇತ್ತು. ಕಾಯಿಲೆಯ ಲಕ್ಷಣ ಬಂದ ಮೇಲೂ ಕೆಲಸ ಮಾಡಿದ್ದರು. 139 ಗಿರಾಕಿಗಳಿಗೆ ಕೂದಲು ಕತ್ತರಿಸಿದ್ದರು. ಅಲ್ಲಿ ಎರಡೂ ಕಡೆಯವರು ಮಾಸ್ಕ್ ಹಾಕಬೇಕೆಂಬ ನಿಯಮ ಇತ್ತು. ಗಿರಾಕಿಗಳಲ್ಲಿ ಯಾರಿಗೂ ಲಕ್ಷಣ ಕಾಣಲಿಲ್ಲ. ಪರೀಕ್ಷೆಗೆ ಒಪ್ಪಿದ 67 ಜನಕ್ಕೂ ನೆಗೆಟಿವ್. ಒಂದು ಸಲೂನ್‌ನ ಕಥೆಯಿಂದ ಎಲ್ಲ ಸಲೂನ್‌ಗಳೂ ಸುರಕ್ಷಿತ ಅನ್ನಲು ಬರುವುದಿಲ್ಲ. ಹುಷಾರಿಲ್ಲದಾಗ ಕೆಲಸಕ್ಕೆ ಬಂದದ್ದಂತೂ ತಪ್ಪೇ. ಆದರೆ ಪೂರ್ತಿ ತೆಗೆಯುವುದು, ಪೂರ್ತಿ ಮುಚ್ಚುವುದು, ಇವೆರಡರ ನಡುವೆ ಜಾಗ ಇದೆ ಎಂದು ಅದು ತೋರಿಸುತ್ತದೆ.

ಆಕೆ ಒಂದು ರಾತ್ರಿ ಕೂತು ಬರೆದರು. ಒಂದೇ ಕುರ್ಚಿ. ಫೋನ್ ಮಾಡಿ ಸಮಯ ಪಡೆದು ಬರಬೇಕು, ಒಳಗೆ ಕಾಯುವ ಹಾಗಿಲ್ಲ. ಇಬ್ಬರಿಗೂ ಮಾಸ್ಕ್, ಗಡ್ಡ ಸದ್ಯಕ್ಕೆ ಬೇಡ. ಶಟರ್ ಪೂರ್ತಿ ಮೇಲೆ, ಕಿಟಕಿ ತೆರೆದೇ ಇರಬೇಕು. ಬಂದವರ ಹೆಸರು, ನಂಬರ್ ಪುಸ್ತಕದಲ್ಲಿ. ಮನೆಯಲ್ಲಿ ಯಾರಿಗೇ ಜ್ವರ ಬಂದರೂ ಅವತ್ತೇ ಬಾಗಿಲು ಹಾಕಬೇಕು, ಎಷ್ಟು ದಿನ ಎಂದು ಬೋರ್ಡಿನಲ್ಲಿ ಬರೆಯಬೇಕು. ಗಂಡ ಓದಿ, ಕೊನೆಯ ಸಾಲಿಗೆ ಒಂದು ಸೇರಿಸಿದರು: ಆ ದಿನಗಳ ಖರ್ಚಿಗೆ ದಿನದ ದುಡಿಮೆಯಿಂದ ಸ್ವಲ್ಪ ತೆಗೆದಿಡಬೇಕು. ಅನುಮತಿ ಬಂದ ಮೇಲೆ ಇದೇ ಹಾಳೆ ಹಿಡಿದು ತೆರೆದರು.

ಅಜ್ಜ ಮೂರು ವಾರದ ನಂತರ ಮನೆಗೆ ಬಂದರು. ಗಂಡ ಅವರ ಮನೆಯ ಗೇಟಿನ ಹೊರಗೆ ನಿಂತು ಕ್ಷಮೆ ಕೇಳಿದರಂತೆ. ‘ಮಿಸ್ಡ್ ಕಾಲ್ ಕೊಟ್ಟಿದ್ದು ನಾನಲ್ವೇನಪ್ಪಾ’ ಅಂದರಂತೆ ಅಜ್ಜ.

ಒಟ್ಟು ಎಂಟು ಸಲ ಮಾತಾಡಿದೆವು. ಮುಚ್ಚಿದ್ದು ಸರಿಯಾ ತಪ್ಪಾ ಎಂಬ ಬಗ್ಗೆ ಗಂಡ ಹೆಂಡತಿ ಕೊನೆಗೂ ಒಂದೇ ಅಭಿಪ್ರಾಯಕ್ಕೆ ಬರಲಿಲ್ಲ. ಬರಲೇಬೇಕು ಎಂದು ನಾನೂ ಹೇಳಲಿಲ್ಲ. ಆರು ತಿಂಗಳ ನಂತರ ವಿಚಾರಿಸಲು ಫೋನ್ ಮಾಡಿದಾಗ ಹೆಂಡತಿ ಎತ್ತಿದರು. ಹೇಗಿದ್ದೀರಿ ಅಂದೆ. ಜಗಳ ಇನ್ನೂ ಇದೆ ಅಂದರು, ಆದರೆ ಈಗ ಕಿಟಕಿಗೆ. ಮಳೆ ಬಂದರೆ ಎರಚಲು ಹೊಡೆಯುತ್ತದೆ ಎಂದು ಅವರು ಮುಚ್ಚುತ್ತಾರೆ, ಡ್ಯೂಟಿ ಮುಗಿಸಿ ಬರುವಾಗ ಇವರು ಅಂಗಡಿಗೆ ಹೋಗಿ ತೆಗೆಯುತ್ತಾರೆ. ಹಿಂದಿನಿಂದ ಗಂಡನ ದನಿ ಕೇಳಿಸಿತು. ‘ಮೇಡಂ, ಕುರ್ಚಿ ನೆನೆಯತ್ತೆ ಅಂತ ಹೇಳಿ ಇವಳಿಗೆ.’